ಸಮಸ್ಯೆ: ‘ದೀಪವಾರಿದ ಮೇಲೆ ಮನೆಯೊಳು ಬೆಳಕು ಮೂಡಿದುದು’

ಪೃಚ್ಛಕ:
ಮೇಲಿರುವುದು ಪೃಚ್ಛಕನಾಗಿ, ಅಂದರೆ ಸಮಸ್ಯೆ ಕೇಳುವವನಾಗಿ, ನಾನು ಕೊಡುವ ಈ ಸಲದ ಸಾಲು. ಭಾಮಿನಿ ಷಟ್ಪದಿಯ ಕೊನೆಯ ಸಾಲು, ಮೇಲಿನ ಐದು ನಿಮ್ಮವು. ಚಿಕ್ಕ ಸಾಲುಗಳಿಗೆ (1, 2, 4, 5) 3-4-3-4 ಮಾತ್ರೆ; ಮಾತ್ರೆ ಅಂದರೆ ಒಂದು ಹ್ರಸ್ವಾಕ್ಷರ ಉಚ್ಚರಿಸುವಷ್ಟು ಹೊತ್ತು. ಮೂರನೆಯದು ಸಮಸ್ಯೆಯ ಸಾಲಿನ ಅಳತೆಗೇ ಇರಲಿ: 3-4 ಮೂರು ಸಲ, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಪ್ರಾಸಾಕ್ಷರ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ‘ಪ’; ಅದರ ಹಿಂದೆ ಗುರು.

ಕೇಳಿದ್ದಕ್ಕೆ ಸ್ಥಳದಲ್ಲೇ ಪದ್ಯ ಕಟ್ಟುವ ಅವಧಾನಗಳಲ್ಲಿ ಕೇಳಿದ್ದೀರಲ್ಲ, ಅರ್ಥವೇ ಇಲ್ಲ ಅನ್ನಿಸುವ ಸಾಲು ಕೊಡುತ್ತಾರೆ. ಅದಕ್ಕೆ ಅರ್ಥ ಕೂಡಿಸುವುದೇ ಪೂರಣ. ಇನ್ವರ್ಟರ್ ಆನ್ ಆಯ್ತು, ಮೇಣದಬತ್ತಿ ಹಚ್ಚಿದರು ಅನ್ನುವ ಸುಲಭದ ದಾರಿ ಬೇಡ. ಕರೆಂಟು ಹೋದ ಮನೆಯಲ್ಲಿ ಜನ ಹತ್ತಿರ ಬರುವುದು ಕಾಣಬೇಕು.

ಸಾಗರದಿಂದ:
ಲಿಂಗನಮಕ್ಕಿ ಅಣೆಕಟ್ಟು 1964ರದು. ಶರಾವತಿ ನೀರಿನ ಕರೆಂಟು ರಾಜ್ಯಕ್ಕೆಲ್ಲ ಹೋಗುತ್ತದೆ. ಆದರೆ ಆಷಾಢದಲ್ಲಿ ತಂತಿ ಮೇಲೆ ಮರ ಬಿತ್ತು ಅಂದರೆ ನಮ್ಮ ಮನೆ ಕತ್ತಲೆ. ಆ ಮಳೆಯಲ್ಲೂ ಕಂಬ ಹತ್ತುವ ಲೈನ್‌ಮ್ಯಾನನ್ನು ಬೈಯೋಕೆ ಮನಸ್ಸು ಬರುವುದಿಲ್ಲ. ಅವರು ಬರುವವರೆಗಿನ ಪದ್ಯ ಇದು:

ಚಾಪೆ ಜಗಲಿಗೆ ಬಂತು, ಮೊಮ್ಮಗ
ಆಪು ಮುಚ್ಚಿದ, ಮಳೆಯ ಸದ್ದಲಿ
ಕಾಪಿ ಹೀರುತಲಜ್ಜಿ ತನ್ನಯ ತವರ ನೆನೆಸಿದಳು
ಕೋಪ ಕರಗಿತು ಮಾತು ಮರಳಿತು
ಪಾಪು ನಕ್ಕಿತು ಮಿಂಚ ನೋಡುತ
ದೀಪವಾರಿದ ಮೇಲೆ ಮನೆಯೊಳು ಬೆಳಕು ಮೂಡಿದುದು

ಪೃಚ್ಛಕ:
ಮೂರನೇ ಸಾಲಿಗೆ ಕೈ ಮುಗಿದೆ ಸರ್. ಬೆಳಕಿದ್ದಾಗ ಅಜ್ಜಿಗೆ ತವರಿನ ಮಾತಾಡಲು ಯಾರು ಬಿಡುವು ಕೊಡುತ್ತಾರೆ? ನಾಲ್ಕನೆಯದು ಮಾತ್ರ ಅವಸರದ್ದು. ಯಾರ ಕೋಪ? ಯಾಕೆ ಕರಗಿತು? ಪಾಪು ಪ್ರಾಸಕ್ಕಾಗಿ ಬಂದ ಹಾಗಿದೆ ಅಲ್ವಾ?

ಚಿಕ್ಕಮಗಳೂರಿನಿಂದ:
ನಾನು ‘ಬೆಳಕು’ ಅನ್ನುವುದನ್ನು ನಿಜವಾದ ಬೆಳಕು ಅಂತಲೇ ಹಿಡಿದೆ. ಹಳೆಯ ಹಂಚಿನ ಮನೆಗಳಲ್ಲಿ ನಡುವೆ ಒಂದೆರಡು ಗಾಜಿನ ಹಂಚು ಇರುತ್ತವಲ್ಲ, ಹಗಲಿನ ಬೆಳಕಿಗೆ ಅಂತ. ರಾತ್ರಿ ಅದರ ನೆನಪೇ ಇರುವುದಿಲ್ಲ.

ತಾಪ ತಣಿದಿರೆ ಮಳೆಯು ನಿಂತಿರೆ
ಕಾಪಿ ತೋಟದ ಮೇಲೆ ಚಂದಿರ
ರೂಪ ತೋರಿದ, ಹಂಚ ನಡುವಿನ ಗಾಜು ಹೊಳೆಹೊಳೆಯೆ
ಚಾಪೆಯಂಚಿಗೆ ಬಿತ್ತು ಹಾಲಿನ
ಲೇಪದಂತಹ ತುಂಡು ತಿಂಗಳು
ದೀಪವಾರಿದ ಮೇಲೆ ಮನೆಯೊಳು ಬೆಳಕು ಮೂಡಿದುದು

ಪೃಚ್ಛಕ:
ಆಹಾ, ‘ತುಂಡು ತಿಂಗಳು’! ಗಾಜಿನ ಹಂಚಿನಷ್ಟೇ ಅಗಲದ ಬೆಳದಿಂಗಳು ಕಣ್ಣಿಗೆ ಕಟ್ಟಿತು. ಬಲ್ಬು ಉರಿಯುವಾಗಲೂ ಅದು ಅಲ್ಲೇ ಬೀಳುತ್ತಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಸಮಸ್ಯೆ ಬಿಡಿಸಿದ ರೀತಿ ಬಹಳ ಚೆನ್ನಾಗಿದೆ ಮೇಡಂ. ಮನೆಯ ಜನ ಮಾತ್ರ ಎಲ್ಲೂ ಕಾಣಲಿಲ್ಲ. ಆ ಚಾಪೆಯ ಮೇಲೆ ಯಾರಾದರೂ ಕೂತಿದ್ದರೆ ಇನ್ನೂ ಚೆಂದ.

ಸಾಗರದಿಂದ:
ಕೋಪ ಯಾರದು ಅಂದಿರಿ. ಅಡಿಕೆ ತೋಟದ ಪಾಲಿನ ಮಾತು ಬಂದ ಮೇಲೆ ಅಣ್ಣ ತಮ್ಮ ಒಂದೇ ಮನೆಯಲ್ಲಿದ್ದೂ ಬೇರೆ ಬೇರೆ ಹೊತ್ತಿಗೆ ಉಣ್ಣುವುದನ್ನು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕರೆಂಟಿಲ್ಲದ ರಾತ್ರಿ ಇರುವುದು ಒಂದೇ ಲಾಟೀನು. ಅದು ಅಡುಗೆಮನೆಯಲ್ಲಿ. ಒಟ್ಟಿಗೆ ಕೂರಲೇಬೇಕು. ಯಾರೂ ಕ್ಷಮೆ ಕೇಳುವುದಿಲ್ಲ. ಸುಮ್ನೆ ಸಾರಿನ ಪಾತ್ರೆ ಈಚೆ ಸರಿಯುತ್ತದೆ, ಅಷ್ಟೆ. ಪಾಪುವನ್ನು ಮಲಗಿಸಿ, ಎರಡು ಸಾಲು ಹೀಗೆ ಬದಲಿಸಿದೆ:

ಕೋಪದಣ್ಣನ ತಟ್ಟೆಗನ್ನವ
ಲೋಪವಿಲ್ಲದೆ ಬಡಿಸೆ ತಮ್ಮನು
ದೀಪವಾರಿದ ಮೇಲೆ ಮನೆಯೊಳು ಬೆಳಕು ಮೂಡಿದುದು

ಪೃಚ್ಛಕ:
ಈಗ ಪದ್ಯ ನಿಂತಿತು ಸರ್. ‘ಲೋಪವಿಲ್ಲದೆ’ ಅನ್ನುವಲ್ಲಿ ತಮ್ಮನ ಮನಸ್ಸೂ ಬಂತು, ಅವನು ಹಾಕಿದ ತುಪ್ಪವೂ ಬಂತು.

ಇಲ್ಲಿಯವರೆಗೆ ಎಲ್ಲ ಮಲೆನಾಡಿನ ಮಳೆಯೇ ಆಯಿತು. ರಾಯಚೂರು, ಕಲಬುರಗಿ ಕಡೆಯವರು ಬರೆಯಿರಿ. ಬೇಸಿಗೆಯಲ್ಲಿ ಫ್ಯಾನು ನಿಂತಾಗ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಹಾಸಿಗೆ ಹಾಕುತ್ತೀರಲ್ಲ, ಅಲ್ಲಿನ ಮಾತುಕತೆ ಬೇಕು. ‘ತಾಪ’ದಿಂದ ಶುರು ಮಾಡಬಹುದು. ಭಾನುವಾರದವರೆಗೆ ಕಾಯುತ್ತೇನೆ.