ಕಾಲೇಜು ಪಕ್ಕದ ಹಳೆಯ ಮನೆಗಳು: ತೇವ, ತೊಲೆ, ತಾರಸಿಯ ಪ್ರಶ್ನೆಗಳಿಗೆ ಎಂಜಿನಿಯರ್ ಉತ್ತರ

ಗುಂಪಿನ ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಮೈಸೂರಿನ ಕೃಷ್ಣಮೂರ್ತಿಪುರಂ, ಚಾಮರಾಜಪುರಂ, ಲಕ್ಷ್ಮೀಪುರಂ ಕಡೆಯ ಹಳೆಯ ಮನೆಗಳವರ ನಮ್ಮ ಗುಂಪಿಗೆ ಇಂದು ಸಂಜೆ ಕಟ್ಟಡ ಸಂರಕ್ಷಣೆಯ ಎಂಜಿನಿಯರ್ ಒಬ್ಬರು ಬಂದಿದ್ದಾರೆ. ಗಾರೆ, ಮರ, ಮದ್ರಾಸ್ ತಾರಸಿಯ ದುರಸ್ತಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವರು. ಪ್ರಶ್ನೆ ಚಿಕ್ಕದಾಗಿರಲಿ, ಫೋಟೊ ಇದ್ದರೆ ಹಾಕಿ.

ಎರಡನೇ ಅಡ್ಡರಸ್ತೆಯ ಗೃಹಿಣಿ: ಮೇಡಂ, ಅತ್ತೆಯವರ ಕಾಲದ ಮನೆ. ಹಜಾರದ ಗೋಡೆ ನೆಲದಿಂದ ಮೂರು ಅಡಿಯವರೆಗೆ ಸದಾ ತೇವವಾಗಿರುತ್ತಿತ್ತು. ಎರಡು ವರ್ಷದ ಹಿಂದೆ ಹಳೆಯ ಗಾರೆ ಕೀಳಿಸಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು, ದುಬಾರಿ ಬಣ್ಣ ಹೊಡೆಸಿದೆವು. ಈಗ ತೇವ ಐದು ಅಡಿಗೆ ಏರಿದೆ. ಬಣ್ಣ ಹಪ್ಪಳದಂತೆ ಉಬ್ಬಿ ಉದುರುತ್ತಿದೆ.

ಎಂಜಿನಿಯರ್: ಆ ಪ್ಲಾಸ್ಟರೇ ಕಾರಣ ಅಮ್ಮಾ. ನಿಮ್ಮದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆ. ನೆಲದ ನೀರು ಇಟ್ಟಿಗೆಯೊಳಗೆ ಸ್ವಲ್ಪ ಏರಿ, ಸುಣ್ಣದ ಮೈಯಿಂದ ಆವಿಯಾಗಿ ಹೋಗುತ್ತಿತ್ತು. ಸಿಮೆಂಟ್ ಆ ದಾರಿಯನ್ನು ಮುಚ್ಚಿತು. ಹೊರಬರಲು ಜಾಗ ಸಿಗದ ನೀರು ಮೇಲೆ ಹತ್ತಿತು, ತನ್ನೊಡನೆ ಉಪ್ಪನ್ನೂ ತಂದಿತು. ಬಣ್ಣವನ್ನು ತಳ್ಳುತ್ತಿರುವುದು ಆ ಉಪ್ಪು. ಸಿಮೆಂಟ್ ಕೀಳಿಸಿ, ಒಂದು ಬೇಸಿಗೆ ಪೂರ್ತಿ ಇಟ್ಟಿಗೆ ಬರಿಮೈಯಲ್ಲಿ ಒಣಗಲಿ, ಆಮೇಲೆ ಸುಣ್ಣದ ಗಾರೆ ಮಾಡಿಸಿ ಮೇಲೆ ಸುಣ್ಣವನ್ನೇ ಬಳಿಸಿ. ಅದಕ್ಕೂ ಮೊದಲು ಹೊರಗೆ ಹೋಗಿ ನೋಡಿ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ ನಿಮ್ಮ ಅಂಗಳ ತಗ್ಗಾಗಿದೆಯೇ, ತಾರಸಿಯ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ? ಹಾಗಿದ್ದರೆ ಮೊದಲ ಖರ್ಚು ಅಲ್ಲಿಗೆ.

ರೈಲು ಹಳಿ ಪಕ್ಕದ ನಿವಾಸಿ: ಚಾಮರಾಜಪುರಂ ನಿಲ್ದಾಣದ ಹತ್ತಿರ ನಮ್ಮ ಮನೆ. ಚಾಮರಾಜನಗರದ ರೈಲು ಹೋಗುವಾಗ ಕಿಟಕಿ ಗಾಜು ನಡುಗುತ್ತದೆ. ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ರೈಲಿನಿಂದಲೇ ಅಲ್ಲವೇ?

ಎಂಜಿನಿಯರ್: ಗಾಜು ನಡುಗಿದ ಮಾತ್ರಕ್ಕೆ ಗೋಡೆ ಬಿರಿಯುವುದಿಲ್ಲ. ಅಂಥ ಬಿರುಕಿಗೆ ಹೆಚ್ಚಾಗಿ ಅಡಿಪಾಯದ ಒಂದು ಬದಿ ಕುಸಿದಿರುವುದೋ, ಬಾಗಿಲ ಮೇಲಿನ ಮರ ಸೋತಿರುವುದೋ ಕಾರಣ. ಬಿರುಕಿನ ಎರಡೂ ಬದಿಗೆ ತಾಗುವಂತೆ ತೆಳು ಗಾಜಿನ ತುಂಡೊಂದನ್ನು ಗಾರೆಯಿಂದ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಗಾಜು ಸೀಳಿದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಆಗ ಕರೆಯಿರಿ.

ಕಾಲೇಜು ವಿದ್ಯಾರ್ಥಿ: ಮೇಡಂ, ನಾನು ಈ ಬಡಾವಣೆಯಲ್ಲಿ ಬಾಡಿಗೆಗಿದ್ದೇನೆ. ಒಂದು ಕೋಣೆಯಲ್ಲಿ ನಾಲ್ವರು ಹುಡುಗರು ಮಲಗುತ್ತೇವೆ. ಬೆಳಗ್ಗೆ ಎದ್ದಾಗ ಹಾಸಿಗೆಯ ಮೇಲೆ ಪುಡಿ ಬಿದ್ದಿರುತ್ತದೆ. ಹಳೆಯ ಮನೆಯಲ್ಲಿ ಇದೆಲ್ಲ ಮಾಮೂಲಿ ಎನ್ನುತ್ತಾರೆ. ಫೋಟೊ ಹಾಕಿದ್ದೇನೆ.

ಎಂಜಿನಿಯರ್: ಪುಡಿಯ ಬಣ್ಣ ಯಾವುದು? ಬೆರಳಿನಲ್ಲಿ ಉಜ್ಜಿ ನೋಡಿ ಹೇಳಿ. ಬಿಳಿ ಚಕ್ಕೆಯಾದರೆ ಸುಣ್ಣ ಉದುರುತ್ತಿದೆ, ಹೆದರಬೇಕಾಗಿಲ್ಲ. ಗಸಗಸೆಯಂಥ ಕಂದು ಕಾಳಾದರೆ ಮರದೊಳಗೆ ಗೆದ್ದಲು. ಕೆಂಪಾಗಿದ್ದರೆ ಕೂಡಲೇ ತಿಳಿಸಿ. ಫೋಟೊದಲ್ಲಿ ಮೂರನೆಯ ತೊಲೆ ಗೋಡೆಗೆ ಸೇರುವಲ್ಲಿ ಕಪ್ಪಗೆ ಕಾಣುತ್ತಿರುವುದು ನೆರಳೋ, ತೇವವೋ? ತಾರಸಿಯ ಮೇಲೆ ಏನಿದೆ?

ಲಕ್ಷ್ಮೀಪುರಂ ನಿವಾಸಿ: ಗೆದ್ದಲಿಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ನನಗೆ ಬಂದದ್ದನ್ನು ಹಂಚಿಕೊಳ್ಳುತ್ತಿದ್ದೇನೆ: «ಒಂದು ಬಕೆಟ್ ನೀರಿಗೆ ಎರಡು ಕಿಲೋ ಕಲ್ಲುಪ್ಪು ಕರಗಿಸಿ ಗೋಡೆಯ ಬುಡಕ್ಕೆ ಸುರಿಯಿರಿ, ತೊಲೆಗೆ ಸೀಮೆಎಣ್ಣೆ ಬಳಿಯಿರಿ. ಗೆದ್ದಲು ಜನ್ಮದಲ್ಲಿ ಬರುವುದಿಲ್ಲ.»

ಎಂಜಿನಿಯರ್: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಉಪ್ಪು ಗೋಡೆಯೊಳಗೆ ಸೇರಿದರೆ ತೆಗೆಯುವುದು ಬಹಳ ಕಷ್ಟ, ಅದು ಗಾಳಿಯ ತೇವವನ್ನೂ ಎಳೆದುಕೊಂಡು ಇಟ್ಟಿಗೆಯನ್ನು ಪುಡಿಮಾಡುತ್ತದೆ. ಸೀಮೆಎಣ್ಣೆ ಕುಡಿದ ತೊಲೆಯ ಕೆಳಗೆ ವಿದ್ಯುತ್ ತಂತಿ ಹಾದುಹೋಗಿರುತ್ತದೆ, ಒಂದು ಕಿಡಿ ಸಾಕು.

ಮೂರನೇ ಮುಖ್ಯರಸ್ತೆ ನಿವಾಸಿ: ನಮ್ಮ ಗೋಡೆಯೂ ತೇವ. ಏನು ಮಾಡಬೇಕು?

ಎಂಜಿನಿಯರ್: ಮೇಲೆ ಹೇಳಿದ್ದೇನೆ.

ಇನ್ನೊಬ್ಬ ಸದಸ್ಯರು: ಪಾರಂಪರಿಕ ಮನೆ ಎಂದು ಪಟ್ಟಿಗೆ ಸೇರಿಸಿದರೆ ಆಸ್ತಿ ತೆರಿಗೆ ಕಡಿಮೆಯಾಗುತ್ತದೆಯೇ?

ಕಾಲೇಜು ವಿದ್ಯಾರ್ಥಿ: ಮೇಡಂ, ಪುಡಿ ಕೆಂಪಾಗಿದೆ. ತೊಲೆಯ ಹತ್ತಿರ ಕಪ್ಪಗಿರುವುದು ತೇವವೇ, ಮುಟ್ಟಿದರೆ ತಣ್ಣಗಿದೆ. ಮೇಲೆ ಸಾವಿರ ಲೀಟರಿನ ಎರಡು ಟ್ಯಾಂಕ್ ಇವೆ. ಹೋದ ವರ್ಷ ಸೋರಿದಾಗ ತಾರಸಿಗೆ ಸಿಮೆಂಟ್ ಹಾಕಿಸಿದರು. ತೊಲೆ ಮಧ್ಯದಲ್ಲಿ ಸ್ವಲ್ಪ ಬಾಗಿದಂತೆ ಕಾಣುತ್ತದೆ.

ಎಂಜಿನಿಯರ್: ಇನ್ನು ಮುಟ್ಟಬೇಡ. ಸ್ಟೂಲ್ ಹಾಕಿಕೊಂಡು ನೋಡುವುದನ್ನೂ ನಿಲ್ಲಿಸು. ಇವತ್ತು ರಾತ್ರಿ ನೀವು ನಾಲ್ವರೂ ಆ ಕೋಣೆಯಲ್ಲಿ ಮಲಗಬಾರದು. ಕಾರಣ ಹೇಳುತ್ತೇನೆ, ಉಳಿದವರೂ ಓದಲಿ.

ಮದ್ರಾಸ್ ತಾರಸಿ ಎಂದರೆ ಒಂದು ಗೋಡೆಯಿಂದ ಇನ್ನೊಂದಕ್ಕೆ ತೇಗದ ತೊಲೆಗಳು, ಅವುಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿದ ಪದರ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣವನ್ನು ದಿನಗಟ್ಟಲೆ ಬಡಿದು ಕೂರಿಸಿದ ಗಾರೆ. ಹತ್ತಡಿ ಹನ್ನೆರಡಡಿಯ ಕೋಣೆಗೆ, ಎಂಟು ಇಂಚು ದಪ್ಪವೆಂದು ಹಿಡಿದರೆ, ತಾರಸಿಯ ಸ್ವಂತ ತೂಕವೇ ನಾಲ್ಕು ಟನ್ ಹತ್ತಿರ ಬರುತ್ತದೆ. ಕಟ್ಟಿದವರು ಅದಕ್ಕೆ ತಕ್ಕ ತೊಲೆ ಹಾಕಿದ್ದಾರೆ. ಸಾವಿರ ಲೀಟರ್ ನೀರು ಎಂದರೆ ಒಂದು ಟನ್. ಎರಡು ಟ್ಯಾಂಕಿಗೆ ಎರಡು ಟನ್. ಎರಡು ಇಂಚು ಸಿಮೆಂಟ್ ಹಾಕಿಸಿದ್ದರೆ ಇನ್ನೂ ಒಂದು ಟನ್ನಿಗಿಂತ ಹೆಚ್ಚು. ನಾಲ್ಕು ಹೊರುತ್ತಿದ್ದ ತೊಲೆಗಳು ಏಳು ಹೊರುತ್ತಿವೆ.

ನನ್ನ ದೊಡ್ಡ ಚಿಂತೆ ತೂಕವೂ ಅಲ್ಲ, ಆ ಕಪ್ಪು ಕಲೆ. ತೊಲೆ ಮಧ್ಯದಲ್ಲಿ ಗಟ್ಟಿಯಾಗಿ ಕಂಡರೂ ಗೋಡೆಯೊಳಗೆ ಹೂತ ಒಂದು ಗೇಣು ತುದಿ ಮೊದಲು ಕೊಳೆಯುತ್ತದೆ. ಗಾಳಿಯಿಲ್ಲ, ನೀರು ಗೋಡೆಗುಂಟ ಇಳಿದು ಅಲ್ಲೇ ನಿಲ್ಲುತ್ತದೆ. ಹೋದ ವರ್ಷದ ಸಿಮೆಂಟ್ ಪದರದಲ್ಲಿ ಕೂದಲೆಳೆಯ ಬಿರುಕು ಬಿದ್ದು ನೀರು ಒಳಗೆ ಹೋಗಿರುತ್ತದೆ, ಮೇಲೆ ಮುಚ್ಚಳ ಇರುವುದರಿಂದ ಒಣಗಿರುವುದಿಲ್ಲ. ಇಂಥ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಕಳಿತ ಬಾಳೆಹಣ್ಣಿಗೆ ಹೋದಂತೆ ಹಿಡಿಯವರೆಗೂ ಹೋಗುತ್ತದೆ. ನಾನು ನೋಡಿದ್ದೇನೆ. ಕೆಂಪು ಪುಡಿ ಎಂದರೆ ಮೇಲಿನ ಇಟ್ಟಿಗೆ ಪದರ ಕದಲುತ್ತಿದೆ ಎಂದೇ ತಿಳಿಯಬೇಕು. ಸೋರುವ ಮನೆ ಸಪ್ಪಳ ಮಾಡುತ್ತದೆ, ಬೀಳುವ ತಾರಸಿ ಹಾಗೆ ಎಚ್ಚರಿಸುವುದಿಲ್ಲ.

ಈಗ ಮಾಡಬೇಕಾದದ್ದು. ಹಾಸಿಗೆ, ಪುಸ್ತಕ ತೆಗೆದುಕೊಂಡು ಹೊರಗೆ ಬನ್ನಿ. ಮಂಚ ಎಳೆಯುತ್ತಾ ಕೂರಬೇಡಿ. ತಾರಸಿಗೆ ಯಾರೂ ಹತ್ತಬೇಡಿ. ಕೆಳಗಿನ ಅಂಗಳದ ನಲ್ಲಿ ತೆರೆದು ಟ್ಯಾಂಕ್ ಖಾಲಿ ಮಾಡಿ, ಮೋಟರ್ ಹಾಕಬೇಡಿ. ಕೋಣೆಗೆ ಬೀಗ ಹಾಕಿ. ಮನೆ ಮಾಲೀಕರಿಗೆ ಈ ಉತ್ತರವನ್ನು ತೋರಿಸು.

ಲಕ್ಷ್ಮೀಪುರಂ ನಿವಾಸಿ: ಇದಕ್ಕೇ ನಾನು ಹೇಳುವುದು, ಸಂಸಾರಸ್ಥರ ಮನೆಗಳನ್ನು ಹುಡುಗರಿಗೆ ಕೋಣೆ ಲೆಕ್ಕದಲ್ಲಿ ಬಾಡಿಗೆಗೆ ಕೊಡಬಾರದು. ಒಂದು ಮನೆಯಲ್ಲಿ ಹದಿನಾರು ಜನ, ಹದಿನಾರು ಬಕೆಟ್ ಸ್ನಾನ, ಗೇಟಿನ ಮುಂದೆ ಹತ್ತು ಬೈಕು. ಬಡಾವಣೆಯ ಮಾನ ಹೋಯಿತು.

ನಿವೃತ್ತ ಉಪನ್ಯಾಸಕರು: ಸ್ವಾಮಿ, ಈ ಬಡಾವಣೆಯ ಮಾನ ಹುಡುಗರಿಂದಲೇ ಬಂದದ್ದು. 1916ರ ಜುಲೈ 27ರಂದು ವಿಶ್ವವಿದ್ಯಾಲಯ ಆರಂಭವಾಗುವ ಹೊತ್ತಿಗೆ ಮಹಾರಾಜ ಕಾಲೇಜಿಗೆ ಆಗಲೇ ದಶಕಗಳ ವಯಸ್ಸಾಗಿತ್ತು. ಹಳ್ಳಿಯಿಂದ ಬಂದ ಹುಡುಗರು ಈ ಬೀದಿಗಳಲ್ಲೇ ವಾರಾನ್ನ ಮಾಡಿ ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ನಮ್ಮ ತಂದೆಯೂ ಹಾಗೆ ಓದಿದವರು. ಅವರಿಗೆ ಗುರುವಾರ ಊಟ ಹಾಕುತ್ತಿದ್ದ ಮನೆ ಈಗಲೂ ಕೃಷ್ಣಮೂರ್ತಿಪುರಂನಲ್ಲಿ ಇದೆ.

ಲಕ್ಷ್ಮೀಪುರಂ ನಿವಾಸಿ: ವಾರಾನ್ನದವರು ಜಗುಲಿಯಲ್ಲಿ ಕುಳಿತು ಉಂಡು ಹೋಗುತ್ತಿದ್ದರು. ರಾತ್ರಿ ಒಂದು ಗಂಟೆಗೆ ಬೀದಿಯಲ್ಲಿ ಕೇಕು ಕತ್ತರಿಸುತ್ತಿರಲಿಲ್ಲ.

ನಿವೃತ್ತ ಉಪನ್ಯಾಸಕರು: ಕೇಕಿಗೂ ತಾರಸಿಗೂ ಏನು ಸಂಬಂಧ? ತಾರಸಿಯ ಮೇಲೆ ಟ್ಯಾಂಕ್ ಇಟ್ಟವರು ಹುಡುಗರೇ?

ಲಕ್ಷ್ಮೀಪುರಂ ನಿವಾಸಿ: ನೀವು ಈಗ ಇರುವುದು ಅಪಾರ್ಟ್‌ಮೆಂಟಿನಲ್ಲಿ. ಪಕ್ಕದ ಮನೆಯಲ್ಲಿ ಹದಿನಾರು ಹುಡುಗರಿದ್ದರೆ ತಿಳಿಯುತ್ತಿತ್ತು.

ನಿವೃತ್ತ ಉಪನ್ಯಾಸಕರು: ವೈಯಕ್ತಿಕ ಮಾತು ಬೇಡ.

ಎರಡನೇ ಅಡ್ಡರಸ್ತೆಯ ಗೃಹಿಣಿ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಆ ಮಗು ಹೊರಗೆ ಬಂದಿತೋ ಇಲ್ಲವೋ ಕೇಳಿ.

ಹೊಸ ಸದಸ್ಯೆ: ಕೆಂಪು ಗಾರೆ ನೆಲ ಮಂಕಾಗಿದೆ. ಆಸಿಡ್ ಹಾಕಿ ತೊಳೆಯಬಹುದೇ?

ಎಂಜಿನಿಯರ್: ಬೇಡವೇ ಬೇಡ. ಬಟ್ಟೆಯಲ್ಲಿ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸಾಕು.

ಮನೆ ಮಾಲೀಕರು: ಫೋಟೊದಲ್ಲಿ ಇರುವುದು ನನ್ನ ಮನೆ. ನನಗೆ ಒಂದು ಮಾತೂ ಹೇಳದೆ ಆರುನೂರು ಜನರ ಮುಂದೆ ಹಾಕಿದ್ದಾನೆ. ನೂರು ವರ್ಷ ನಿಂತ ತಾರಸಿ ಮೇಡಂ ಅದು. ನೀವು ಒಂದು ಫೋಟೊ ನೋಡಿ ಬೀಳುತ್ತದೆ ಎನ್ನುತ್ತೀರಿ. ನಾಳೆ ನನ್ನ ಮನೆಗೆ ಯಾರು ಬಾಡಿಗೆಗೆ ಬರುತ್ತಾರೆ?

ಕಾಲೇಜು ವಿದ್ಯಾರ್ಥಿ: ಅಂಕಲ್, ಎರಡು ಸಲ ಹೇಳಿದ್ದೆ. ಗುಡಿಸಿಕೊಳ್ಳಿ ಎಂದಿರಿ.

ಎಂಜಿನಿಯರ್: ಬೀಳುತ್ತದೆ ಎಂದು ನಾನು ಹೇಳಿಲ್ಲ. ಬೀಳಬಹುದಾದ ತಾರಸಿಯ ಕೆಳಗೆ ನಾಲ್ವರು ಮಲಗಬಾರದು ಎಂದೆ. ನೂರು ವರ್ಷದ ಮಾತನ್ನು ನಮ್ಮ ಊರಿನಲ್ಲಿ ಹೇಳಬೇಡಿ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಭಾಗ ಕುಸಿಯಿತು. ಅವೂ ಬಹುಕಾಲ ನಿಂತಿದ್ದವು. ನಿಮ್ಮ ಮನೆ ಕೆಡವಬೇಕೆಂದು ನಾನು ಹೇಳುವವಳಲ್ಲ, ಉಳಿಸಬೇಕು ಎನ್ನುವವಳು. ಹಾಗಾಗಿಯೇ ಇವತ್ತೇ ಟ್ಯಾಂಕ್ ಖಾಲಿ ಮಾಡಿ ಎನ್ನುತ್ತಿದ್ದೇನೆ.

ಮನೆ ಮಾಲೀಕರು: ಪಿಂಚಣಿಯಲ್ಲಿ ಈ ಮನೆ ಸಾಕಲು ಆಗುವುದಿಲ್ಲ. ಹುಡುಗರ ಬಾಡಿಗೆಯಿಂದಲೇ ಹೆಂಚು, ಸುಣ್ಣ ಎಲ್ಲ ಆಗಬೇಕು. ತಿಂಗಳಿಗೊಬ್ಬ ದಲ್ಲಾಳಿ ಬಂದು ಮಾರಿಬಿಡಿ ಎನ್ನುತ್ತಾನೆ. ಗುತ್ತಿಗೆದಾರ ಸಿಮೆಂಟ್ ಹಾಕಿದರೆ ಸಾಕು ಎಂದ, ಹಾಕಿಸಿದೆ. ನನಗೇನು ಗೊತ್ತು?

ಎಂಜಿನಿಯರ್: ನಿಮ್ಮ ಕಷ್ಟ ಸುಳ್ಳಲ್ಲ. ಹೆಚ್ಚಿನ ಮನೆಗಳಲ್ಲಿ ನಾನು ಇದನ್ನೇ ಕೇಳುತ್ತೇನೆ. ಎಲ್ಲ ತೊಲೆಗಳೂ ಹೋಗಿರುವುದಿಲ್ಲ. ಒಂದೆರಡರ ತುದಿ ಕೊಳೆತಿದ್ದರೆ, ಕೆಳಗೆ ಆಸರೆ ಕೊಟ್ಟು, ಕೊಳೆತಷ್ಟನ್ನೇ ಕತ್ತರಿಸಿ ಹೊಸ ತೇಗ ಬೆಸೆಯಬಹುದು, ಇಲ್ಲವೇ ಎರಡೂ ಬದಿಗೆ ಕಬ್ಬಿಣದ ಪಟ್ಟಿ ಬೋಲ್ಟ್ ಮಾಡಿ ಗೋಡೆಗೆ ಕೂರಿಸಬಹುದು. ಟ್ಯಾಂಕಿಗೆ ಹಿತ್ತಲಿನಲ್ಲಿ ನೆಲದಿಂದಲೇ ಕಬ್ಬಿಣದ ಸ್ಟ್ಯಾಂಡ್ ಎಬ್ಬಿಸಿ. ಆಮೇಲೆ ಆ ಸಿಮೆಂಟ್ ಪದರವನ್ನು ಕೈಯುಳಿಯಿಂದ ತೆಗೆಸಿ, ಯಂತ್ರ ಹಚ್ಚಿಸಬೇಡಿ. ಇದು ಹೊಸ ತಾರಸಿ ಹಾಕಿಸುವಷ್ಟು ಖರ್ಚಿನ ಕೆಲಸವಲ್ಲ.

ಲಕ್ಷ್ಮೀಪುರಂ ನಿವಾಸಿ: ಸೋರುವ ತಾರಸಿಗೆ ಇದನ್ನು ಮಾಡಿ ನೋಡಿ: «ಅರಮನೆ ಕಟ್ಟಿದವರ ಗುಟ್ಟು! ಸಿಮೆಂಟಿಗೆ ಬೆಲ್ಲದ ನೀರು, ಮೊಟ್ಟೆಯ ಬಿಳಿ ಕಲಸಿ ಬಳಿದರೆ ಹನಿ ನೀರೂ ಇಳಿಯುವುದಿಲ್ಲ. ಹತ್ತು ಜನರಿಗೆ ಕಳುಹಿಸಿ.»

ಎಂಜಿನಿಯರ್: ಒಂದು ಕುಸಿಯುವ ತಾರಸಿಯ ಮಾತು ನಡೆಯುತ್ತಿರುವಾಗ ಇದನ್ನು ಹಾಕಿದಿರಿ. ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸುತ್ತಿದ್ದದ್ದು ಸುಣ್ಣದ ಗಾರೆಗೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಕಲ್ಲಾಗುತ್ತದೆ. ಸಿಮೆಂಟ್ ನೀರಿನೊಂದಿಗೆ ಸೇರಿ ಗಟ್ಟಿಯಾಗುವ ವಸ್ತು, ಸಕ್ಕರೆ ಅಂಶ ಸೇರಿದರೆ ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಇದನ್ನು ನಂಬಿ ಬಳಿದ ಮನೆಯವರು ಮಳೆಗಾಲದಲ್ಲಿ ನನ್ನನ್ನು ಕರೆಯುತ್ತಾರೆ. ಇನ್ನೊಂದು ಇಂಥದು ಬಂದರೆ ನಾನು ಗುಂಪಿನಿಂದ ಹೊರಡುತ್ತೇನೆ.

ಲಕ್ಷ್ಮೀಪುರಂ ನಿವಾಸಿ: ಒಳ್ಳೆಯದಾಗಲಿ ಎಂದು ಹಾಕಿದೆ. ಇಷ್ಟು ಗಡುಸಾಗಿ ಹೇಳಬೇಕಾಗಿರಲಿಲ್ಲ.

ಮೂರನೇ ಮುಖ್ಯರಸ್ತೆ ನಿವಾಸಿ: ಮೇಡಂ, ತೇವದ ಬಗ್ಗೆ ಮೇಲೆ ಎಂದರೆ ಎಲ್ಲಿ? ಹುಡುಕಿದೆ, ಸಿಗಲಿಲ್ಲ.

ಎಂಜಿನಿಯರ್: ಮೊದಲನೆಯ ಪ್ರಶ್ನೆ.

ಹೊಸ ಸದಸ್ಯೆ: ತಾರಸಿಯ ಕೈಗೋಡೆಯಲ್ಲಿ ಅರಳಿ ಗಿಡ ಬೆಳೆದಿದೆ. ಕೀಳಿಸಲು ಮನೆಯವರು ಒಪ್ಪುತ್ತಿಲ್ಲ.

ನಿವೃತ್ತ ಉಪನ್ಯಾಸಕರು: ನಮ್ಮಲ್ಲೂ ಇತ್ತು. ಎಳೆಯದಿದ್ದಾಗಲೇ ಬೇರುಸಹಿತ ತೆಗೆದು ಕುಕ್ಕರಹಳ್ಳಿ ಕೆರೆಯ ಕಡೆ ನೆಟ್ಟುಬಂದೆವು. ಮನೆಯವರು ಒಪ್ಪಿದರು.

ಎಂಜಿನಿಯರ್: ಎಳೆಯದಾದರೆ ಸರಿ. ಬೆರಳಿಗಿಂತ ದಪ್ಪವಾಗಿದ್ದರೆ ಎಳೆಯಬೇಡಿ, ಗೋಡೆಯೂ ಜೊತೆಗೆ ಬರುತ್ತದೆ.

ಇನ್ನೊಬ್ಬ ಸದಸ್ಯರು: ತೆರಿಗೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಕಾಲೇಜು ವಿದ್ಯಾರ್ಥಿ: ಮೇಡಂ, ನಾವು ಹೊರಗೆ ಬಂದಿದ್ದೇವೆ. ಅಂಕಲ್ ಅವರೇ ಬಂದು ಅಂಗಳದ ನಲ್ಲಿ ತೆರೆದರು. ಒಂದು ಟ್ಯಾಂಕ್ ಖಾಲಿಯಾಗಿದೆ. ಹಜಾರದಲ್ಲಿ ಚಾಪೆ ಹಾಸಿಕೊಟ್ಟಿದ್ದಾರೆ.

ಎಂಜಿನಿಯರ್: ಹಜಾರದ ಮೇಲೆ ಏನಿದೆ?

ಕಾಲೇಜು ವಿದ್ಯಾರ್ಥಿ: ಹೆಂಚು. ಟ್ಯಾಂಕ್ ಇಲ್ಲ.

ಎಂಜಿನಿಯರ್: ಸರಿ, ಅಲ್ಲಿ ಮಲಗಿ. ಮಾಲೀಕರೇ, ನಾಳೆ ಬೆಳಗ್ಗೆ ಏಳು ಗಂಟೆಗೆ ಬರುತ್ತೇನೆ. ಸೆಂಟ್ರಿಂಗ್ ಕೆಲಸದವರ ಬಳಿ ಆರು ಕಬ್ಬಿಣದ ಜಾಕಿ, ನಾಲ್ಕು ದಪ್ಪ ಹಲಗೆ ಹೇಳಿಡಿ. ಜಾಕಿಯನ್ನು ನಾನು ಬರುವ ಮೊದಲು ಯಾರೂ ಏರಿಸಬಾರದು. ಹೆಚ್ಚು ತಿರುಗಿಸಿದರೂ ಇಟ್ಟಿಗೆ ಪದರ ಒಡೆಯುತ್ತದೆ. ನನ್ನ ಶುಲ್ಕದ ಮಾತು ಆಮೇಲೆ ಆಡೋಣ.

ಮನೆ ಮಾಲೀಕರು: ಕೋಣೆಗೆ ಬೀಗ ಹಾಕಿದೆ. ಬೀಗದ ಕೈ ನನ್ನ ಬಳಿಯೇ ಇದೆ. ಎರಡನೆಯ ಟ್ಯಾಂಕ್ ಇನ್ನೂ ಅರ್ಧ ಇದೆ, ಖಾಲಿಯಾಗುವವರೆಗೆ ಎದ್ದಿರುತ್ತೇನೆ.

ಎಂಜಿನಿಯರ್: ಖಾಲಿಯಾದಾಗ ಎಷ್ಟು ಹೊತ್ತಾದರೂ ಒಂದು ಸಂದೇಶ ಹಾಕಿ.