ಅಣ್ಣ ಬದಲಾದ, ಅಮ್ಮನ ಕಾಯಿಲೆ ವಾಸಿಯಾಗಲಿಲ್ಲ: ನಂಬಿಕೆಯ ಬಲವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಪ್ರಶ್ನೆ (ಕಿರಿಯ ಮಗಳು)

ಎಲ್ಲರಿಗೂ ವಂದನೆಗಳು. ನನ್ನ ಅಣ್ಣ ಹದಿನಾಲ್ಕು ವರ್ಷ ಕುಡಿತಕ್ಕೆ ದಾಸನಾಗಿದ್ದ. ಅಮ್ಮನ ಔಷಧಿಗೆಂದು ತೆಗೆದಿಟ್ಟ ಹಣವನ್ನೂ ಬಿಡುತ್ತಿರಲಿಲ್ಲ. ಮೂರು ವರ್ಷಗಳ ಹಿಂದೆ ಗೆಳೆಯನ ಒತ್ತಾಯಕ್ಕೆ ಪ್ರಾರ್ಥನಾಕೂಟಕ್ಕೆ ಹೋದವನು ಕ್ರಿಸ್ತನಲ್ಲಿ ನಂಬಿಕೆಯಿಟ್ಟು, ದೀಕ್ಷಾಸ್ನಾನ ಪಡೆದು, ನಡುವೆ ಎರಡು ಬಾರಿ ಜಾರಿದರೂ ಮತ್ತೆ ಎದ್ದು ನಿಂತು, ಈಗ ಇಪ್ಪತ್ತೆರಡು ತಿಂಗಳಿಂದ ಮದ್ಯ ಮುಟ್ಟಿಲ್ಲ. ಪ್ರತಿ ಭಾನುವಾರ ರಾತ್ರಿ ಏಳು ಖಾನೆಗಳ ಮಾತ್ರೆಪೆಟ್ಟಿಗೆಯನ್ನು ಮುಂದಿಟ್ಟುಕೊಂಡು, ವೈದ್ಯರ ಚೀಟಿಯನ್ನು ಎರಡೆರಡು ಸಲ ಓದಿ, ಅಮ್ಮನ ಇಡೀ ವಾರದ ಔಷಧಿಯನ್ನು ತುಂಬಿಡುವವನು ಅವನೇ.

ಅಮ್ಮನದು ಬಾಲ್ಯದಿಂದ ಬಂದ ನಂಬಿಕೆ. ಆರು ವರ್ಷಗಳಿಂದ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆ. ಬೆರಳುಗಳು ನಡುಗುವುದರಿಂದ ಬೈಬಲಿನ ತೆಳು ಹಾಳೆಗಳನ್ನು ತಿರುವಲು ಸಹ ಆಗುವುದಿಲ್ಲ. ಹೋದ ತಿಂಗಳು ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ನಂಬಿಕೆ ಪೂರ್ಣವಾಗಿದ್ದರೆ ಈ ಮಾತ್ರೆಗಳೇಕೆ ಎಂದು ಎಲ್ಲರೆದುರು ಕೇಳಿದರು. ಅಂದಿನಿಂದ ಅಮ್ಮ ಕೆಲವು ಹೊತ್ತಿನ ಮಾತ್ರೆಯನ್ನು ತೆಗೆದುಕೊಳ್ಳುತ್ತಿಲ್ಲ. ಎಂದೂ ಪ್ರಾರ್ಥಿಸದಿದ್ದವನು ಬಿಡುಗಡೆ ಹೊಂದಿದ, ಜೀವನವಿಡೀ ಪ್ರಾರ್ಥಿಸಿದವರು ವಾಸಿಯಾಗಲಿಲ್ಲ. ಇದನ್ನು ಹೇಗೆ ತಿಳಿಯಬೇಕು?

ಉತ್ತರ 1 (ನಿವೃತ್ತ ಸಭಾಪಾಲಕ)

ಸಹೋದರಿ, ಮೊದಲು ನಿಮ್ಮ ತಾಯಿಯವರಿಗೆ ಹೇಳಿ: ಅವರಿಗೆ ಆಡಿದ ಆ ಮಾತು ಸುವಾರ್ತೆಯದಲ್ಲ. ನಲವತ್ತು ವರ್ಷ ರೋಗಿಗಳ ಪಕ್ಕದಲ್ಲಿ ಕುಳಿತು ಪ್ರಾರ್ಥಿಸಿದವನಾಗಿ ಇದನ್ನು ನೋವಿನಿಂದ ಬರೆಯುತ್ತಿದ್ದೇನೆ.

ಯೇಸು ಸ್ವಸ್ಥಮಾಡಿದವರ ಪ್ರಸಂಗಗಳನ್ನು ಒಂದೊಂದಾಗಿ ನೋಡಿದರೆ, ನಂಬಿಕೆಯನ್ನು ತೂಗಿ ಅದಕ್ಕೆ ತಕ್ಕಷ್ಟು ಆರೋಗ್ಯವನ್ನು ಕೊಡುವ ಲೆಕ್ಕಾಚಾರ ಅಲ್ಲಿ ಕಾಣುವುದಿಲ್ಲ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿಗೆ ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು ಎಂದವನು, ನಾಲ್ವರು ಚಾವಣಿ ತೆಗೆದು ಇಳಿಸಿದ ಪಾರ್ಶ್ವವಾಯು ರೋಗಿಯ ವಿಷಯದಲ್ಲಿ ಹೊತ್ತುತಂದವರ ನಂಬಿಕೆಯನ್ನು ನೋಡಿದನು. ಬೇತ್ಸಥಾ ಕೊಳದ ಬಳಿ ಮೂವತ್ತೆಂಟು ವರ್ಷ ಕಾಯಿಲೆಯಿಂದಿದ್ದವನಿಗಂತೂ ತನ್ನನ್ನು ಎಬ್ಬಿಸಿದವನು ಯಾರೆಂಬುದೇ ಗೊತ್ತಿರಲಿಲ್ಲ! ಮಗನಿಗಾಗಿ ಬೇಡಿಕೊಂಡ ತಂದೆಯೊಬ್ಬನು ತನ್ನಲ್ಲಿ ಅಪನಂಬಿಕೆಯೂ ಇದೆಯೆಂದು ಅಳುತ್ತಲೇ ಒಪ್ಪಿಕೊಂಡನು. ಅವನನ್ನು ಯೇಸು ಹಿಂದಕ್ಕೆ ಕಳುಹಿಸಲಿಲ್ಲ.

ಇನ್ನೊಂದು ಕಡೆ, ಅಪೊಸ್ತಲ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡಾಗ ಅವನಿಗೆ ದೊರೆತದ್ದು ನನ್ನ ಕೃಪೆಯೇ ನಿನಗೆ ಸಾಕೆಂಬ ಉತ್ತರ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ ಅದೇ ಪೌಲನು, ಜೊತೆಗಾರ ತ್ರೊಫಿಮನು ಅಸ್ವಸ್ಥನಾದದ್ದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆನೆಂದು ತಿಳಿಸುತ್ತಾನೆ. ತ್ರೊಫಿಮನ ನಂಬಿಕೆ ಸಾಲದಾಯಿತೆಂದು ಅಲ್ಲಿ ಒಂದಕ್ಷರವೂ ಇಲ್ಲ. ಪೌಲನ ಸಂಗಡವಿದ್ದ ಲೂಕನನ್ನು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯು ಪ್ರಿಯ ವೈದ್ಯನೆಂದೇ ಕರೆಯುತ್ತದೆ.

ಸುವಾರ್ತೆಗಳ ಮೂಲ ಗ್ರೀಕಿನಲ್ಲಿ ‘ಸೋಜೊ’ ಎಂಬ ಒಂದೇ ಕ್ರಿಯಾಪದ ರಕ್ಷಿಸುವುದು, ಸ್ವಸ್ಥಮಾಡುವುದು ಎಂಬ ಎರಡೂ ಅರ್ಥಗಳಲ್ಲಿ ಬರುತ್ತದೆ. ದೇವರು ಇಂದಿಗೂ ದೇಹವನ್ನು ಗುಣಪಡಿಸಬಲ್ಲನೆಂದು ನಾನು ನಂಬುತ್ತೇನೆ, ಅದಕ್ಕಾಗಿ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತೇನೆ. ಆದರೆ ಆ ಪದವನ್ನು ದೇಹವೊಂದಕ್ಕೇ ಕಟ್ಟಿಹಾಕಿದರೆ ನಿಮ್ಮ ಮನೆಯಲ್ಲಿ ಈಗಾಗಲೇ ನಡೆದಿರುವುದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಔಷಧಿಯ ಹಣವನ್ನು ಕದ್ದ ಕೈಯೇ ಇಂದು ಆ ಔಷಧಿಯನ್ನು ಎಣಿಸಿ ಇಡುತ್ತಿದೆ. ನಿಮ್ಮ ತಾಯಿಯವರು ವರ್ಷಗಟ್ಟಲೆ ಬೇಡಿಕೊಂಡದ್ದರಲ್ಲಿ ಇದು ಇರಲಿಲ್ಲವೇ?

ಉತ್ತರ 2 (ನರರೋಗ ವಿಭಾಗದ ದಾದಿ)

ಮೇಲಿನ ಮಾತುಗಳಿಗೆ ಆಮೆನ್ ಎನ್ನುತ್ತಲೇ, ತಡಮಾಡಬಾರದ ವಿಷಯವೊಂದನ್ನು ಹೇಳುತ್ತೇನೆ. ಈ ಕಾಯಿಲೆಯಲ್ಲಿ ಚಲನೆಯನ್ನು ಹತೋಟಿಯಲ್ಲಿಡುವ ಡೋಪಮೈನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ಮಿದುಳಿನ ಜೀವಕೋಶಗಳು ಕ್ಷೀಣಿಸುತ್ತವೆ. ಸಾಮಾನ್ಯವಾಗಿ ಕೊಡುವ ಲೆವೊಡೋಪಾ ಎಂಬ ಔಷಧಿ ಆ ಕೊರತೆಯನ್ನು ತುಂಬುತ್ತದೆ. ಅದನ್ನು ಹಠಾತ್ತನೆ ನಿಲ್ಲಿಸಿದರೆ ಮೈ ಸೆಟೆದುಕೊಳ್ಳುವುದು, ತೀವ್ರ ಜ್ವರ, ಪ್ರಜ್ಞೆ ಮಂಕಾಗುವುದು ಮುಂತಾಗಿ ಪ್ರಾಣಕ್ಕೇ ಅಪಾಯ ಬರಬಹುದು. ಎಷ್ಟು ಹೊತ್ತಿನ ಮಾತ್ರೆ ತಪ್ಪಿದೆಯೆಂದು ಬರೆದುಕೊಂಡು ಇಂದೇ ಅವರ ವೈದ್ಯರಿಗೆ ತಿಳಿಸಿ.

ಪ್ರಾರ್ಥನೆಯ ಬಗ್ಗೆ ಸಂಶೋಧನೆಗಳೂ ನಡೆದಿವೆ. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳ ಅಧ್ಯಯನವೊಂದು ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾಯಿತು. ಅಪರಿಚಿತರು ಮಾಡಿದ ಪ್ರಾರ್ಥನೆಯಿಂದ ತೊಡಕುಗಳು ಕಡಿಮೆಯಾಗಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದಿದ್ದವರಲ್ಲಿ ಅವು ತುಸು ಹೆಚ್ಚೇ ಕಂಡುಬಂದವು. ಇದರಿಂದ ನನ್ನ ನಂಬಿಕೆಗೆ ಪೆಟ್ಟಾಗಲಿಲ್ಲ, ಏಕೆಂದರೆ ದೇವರು ಪ್ರಯೋಗಕ್ಕೆ ಸಿಗುವ ವಸ್ತುವೆಂದು ನಾನು ಎಂದೂ ತಿಳಿದವಳಲ್ಲ. ಆದರೆ ರೋಗಿಗೆ ತಾನೇ ಪರೀಕ್ಷೆಗೆ ಕುಳಿತಿದ್ದೇನೆ ಎಂಬ ಭಾವನೆ ಬಂದರೆ ಏನಾಗುತ್ತದೆಂಬುದನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ಕೈ ಹಿಡಿದು ಪ್ರಾರ್ಥಿಸುವವರು ಬಂದರೆ ಮುಖದ ಬಿಗಿ ಸಡಿಲವಾಗುತ್ತದೆ; ನಿಮಗೆ ನಂಬಿಕೆ ಇದೆಯೇ ಎಂದು ವಿಚಾರಿಸುವವರು ಬಂದುಹೋದ ರಾತ್ರಿ ಅದೇ ರೋಗಿಗೆ ನಿದ್ರೆ ಬರುವುದಿಲ್ಲ.

ಉತ್ತರ 3 (ಕುಡಿತ ಬಿಟ್ಟು ಒಂಬತ್ತನೆಯ ವರ್ಷ)

ನಾನು ನಿಮ್ಮ ಅಣ್ಣನ ದಾರಿಯಲ್ಲಿ ಬಂದವನು; ಹಾಗಾಗಿ ಅವರ ಬಗ್ಗೆ ಮಾತ್ರ ಬರೆಯುತ್ತೇನೆ. ಕುಡಿತ ಬಿಟ್ಟವರ ಸಾಕ್ಷಿಯನ್ನು ಕೇಳುವಾಗ ಒಂದೇ ರಾತ್ರಿಯಲ್ಲಿ ಎಲ್ಲವೂ ಮುಗಿಯಿತೆಂದು ಜನರು ತಿಳಿಯುತ್ತಾರೆ. ನನಗೂ ಒಂದು ರಾತ್ರಿ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ನಂತರದ ಬೆಳಗುಗಳನ್ನು ದಾಟಿಸಿದ್ದು ಯಾವ ಹೊತ್ತಿನಲ್ಲಿ ಕರೆದರೂ ಫೋನ್ ಎತ್ತುತ್ತಿದ್ದ ಇಬ್ಬರು ಸಹೋದರರು.

ಮುಂದೆ ಗುಲಾಮರ ಹಡಗುಗಳ ಕಪ್ತಾನನಾದ ಜಾನ್ ನ್ಯೂಟನ್ 1748ರ ಸಮುದ್ರ ಬಿರುಗಾಳಿಯಲ್ಲಿ ದೇವರಿಗೆ ಮೊರೆಯಿಟ್ಟನೆಂಬುದು ಅನೇಕರಿಗೆ ಗೊತ್ತು. ಆ ಬಳಿಕವೂ ಅವನು ವರ್ಷಗಳ ಕಾಲ ಗುಲಾಮರನ್ನು ಸಾಗಿಸಿದನೆಂಬುದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. 1754ರಲ್ಲಿ ಸಮುದ್ರಯಾನ ಬಿಟ್ಟದ್ದೂ ಅನಾರೋಗ್ಯದಿಂದ. ಆ ವ್ಯಾಪಾರದ ವಿರುದ್ಧ, ತನ್ನ ಪಾಲಿನ ಅಪರಾಧವನ್ನು ಒಪ್ಪಿಕೊಂಡು, ಬಹಿರಂಗವಾಗಿ ಬರೆದದ್ದು 1788ರಲ್ಲಿ. ಬಿರುಗಾಳಿಯಿಂದ ಆ ಬರಹದವರೆಗೆ ನಲವತ್ತು ವರ್ಷ! ನಾನು ಜಾರಿಬಿದ್ದ ದಿನಗಳಲ್ಲಿ, ಕೃಪೆಯು ಇಷ್ಟು ದೀರ್ಘಕಾಲ ಒಬ್ಬನ ಮೇಲೆ ಕೆಲಸಮಾಡುತ್ತದೆಂಬುದೇ ನನ್ನನ್ನು ಹಿಡಿದಿಟ್ಟಿತು.

1935ರಲ್ಲಿ ಆರಂಭವಾದ, ಕುಡಿತ ಬಿಡಲು ಪರಸ್ಪರ ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ, ಕ್ರೈಸ್ತ ಸಹವಾಸಕೂಟವೊಂದರಿಂದ ಪಡೆದ ತಪ್ಪೊಪ್ಪಿಗೆ, ನೊಂದವರಿಗೆ ಪರಿಹಾರ ಸಲ್ಲಿಸುವುದು, ಪ್ರಾರ್ಥನೆ ಇವುಗಳ ಮೇಲೆಯೇ ನಿಂತಿದೆ. ಸುವಾರ್ತೆಯಲ್ಲಿ ಬರುವ ಸುಂಕದವನಾದ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದಾಗ ಅದೇ ದಿನ ಈ ಮನೆಗೆ ರಕ್ಷಣೆಯಾಯಿತೆಂದು ಯೇಸು ಹೇಳಿದನಲ್ಲವೇ? ನಿಮ್ಮ ಅಣ್ಣ ಆ ಪೆಟ್ಟಿಗೆಯನ್ನು ತುಂಬುವಾಗ ಹಿಂದಿರುಗಿಸುತ್ತಿದ್ದಾರೆ. ದಯವಿಟ್ಟು ಅಮ್ಮ ಅದನ್ನು ತಳ್ಳದಂತೆ ನೋಡಿಕೊಳ್ಳಿ. ಅದು ನಿಮ್ಮ ಅಣ್ಣನಿಗೂ ಔಷಧಿ.

ಮರು ಬರಹ (ಕಿರಿಯ ಮಗಳು)

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಅಂದೇ ವೈದ್ಯರೊಡನೆ ಮಾತನಾಡಿದೆವು. ಮಾತ್ರೆಗಳನ್ನು ಮತ್ತೆ ಹೇಗೆ ಆರಂಭಿಸಬೇಕೆಂದು ಅವರು ತಿಳಿಸಿದ್ದಾರೆ, ಈ ವಾರವೇ ಪರೀಕ್ಷೆಗೆ ಬರಹೇಳಿದ್ದಾರೆ. ನಮ್ಮ ಸಭಾಪಾಲಕರೂ ಮನೆಗೆ ಬಂದು, ಅಂದಿನ ಮಾತನ್ನು ತಾವು ಅಲ್ಲಿಯೇ ತಡೆಯಬೇಕಿತ್ತೆಂದು ಅಮ್ಮನ ಬಳಿ ಕ್ಷಮೆ ಕೇಳಿದರು.

ನೀವು ಬರೆದದ್ದನ್ನೆಲ್ಲ ರಾತ್ರಿ ಅಣ್ಣನೇ ಅಮ್ಮನಿಗೆ ಓದಿ ಹೇಳಿದ. ತನ್ನ ಬಗ್ಗೆ ಬರೆದಿದ್ದ ಕಡೆ ಅವನ ಗಂಟಲು ಕಟ್ಟಿತು. ಉಳಿದ ಭಾಗವನ್ನು ನಾನು ಓದಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತ್ರೊಫಿಮನ ವಚನವನ್ನು ಇನ್ನೊಂದು ಸಲ ಓದಲು ಹೇಳಿ, ಅವನು ಮುಂದೆ ಏನಾದನೆಂದು ಕೇಳಿದರು. ಅದನ್ನು ಪೌಲನು ಬರೆದಿಲ್ಲವೆಂದು ಅಣ್ಣ ಹೇಳಿದ. ‘ಅವನ ಹೆಸರನ್ನು ಮರೆಯಲಿಲ್ಲವಲ್ಲ’ ಎಂದು ಅಮ್ಮ ನಡುಗುವ ಅಂಗೈಯನ್ನು ಮುಂದೆ ಚಾಚಿದರು. ಅಣ್ಣ ಮಾತ್ರೆಯನ್ನು ಇಟ್ಟು, ನೀರಿನ ಲೋಟವನ್ನು ತುಟಿಗೆ ಹಿಡಿದ.