ಬಸ್ಯಾ, ಸ್ವಲ್ಪ ಹಿಂದೆ ಸರಿ

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಗಿರಮಿಟ್ ಕೈಗೆ ಬಂದಿತ್ತು, ಬಾಯಿಗೆ ಹೋಗಿರಲಿಲ್ಲ. ಅಷ್ಟರಲ್ಲಿ ಬಸ್ಯಾ ಚೀಲದಿಂದ ಒಂದು ಮೈಕು ತೆಗೆದು ಬಾಕಿನ ಮೇಲಿಟ್ಟ. ಬೆಳ್ಳಿ ಬಣ್ಣ, ಮೈತುಂಬಾ ಪಟ್ಟಿ. ಹಳೇ ಕಾರಿನ ಮೂತಿಯ ಹಾಗಿತ್ತು.

"ವಿಂಟೇಜ್!" ಎಂದು ಕೂಗಿದ. "ನಾಳೆಯಿಂದ ನನ್ನ ಪಾಡ್‌ಕಾಸ್ಟ್ ಶುರು."

"ವೈರ್ ಎಲ್ಲಿದೆ?" ಎಂದೆ.

"ವೈರ್ ಇಲ್ಲ ದೋಸ್ತ, ಇದು ಸುಮ್ನೆ ಕ್ಯಾಮೆರಾ ಮುಂದೆ ಇಡೋದಕ್ಕೆ. ದನಿ ಹಿಡಿಯೋದು ಅಂಗಿಗೆ ಸಿಗಿಸೋ ಸಣ್ಣ ಮೈಕು."

"ಹಾಗಾದರೆ ಇದು ಉತ್ಸವಮೂರ್ತಿ. ಮೂಲ ದೇವರು ನಿನ್ನ ಗುಂಡಿಯಲ್ಲಿದ್ದಾನೆ."

ಕುಲಕರ್ಣಿ ಮಾಸ್ತರರು ಮೈಕನ್ನು ತಿರುಗಿಸಿ ನೋಡಿದರು. "ಇದು 1939ರಲ್ಲಿ ಅಮೆರಿಕದ ಶೂರ್ ಕಂಪನಿ ತಂದ ಯೂನಿಡೈನ್ ಮೈಕಿನ ನಕಲು. ಅಸಲಿ ಮೈಕು ಮುಂದಿನ ದನಿ ಹಿಡಿದು, ಹಿಂದಿನ ಗದ್ದಲ ಬಿಡುತ್ತಿತ್ತು."

"ಬಸ್ಯಾ, ನೀನು ಹಿಂದೆ ಕೂರು."

"ಅದಕ್ಕೂ ಮೊದಲು ರೆಕಾರ್ಡಿಂಗಿಗೆ ಮೈಕೇ ಇರಲಿಲ್ಲ," ಎಂದರು ಮಾಸ್ತರರು. ಅವರಿಗೆ ಇಷ್ಟು ಸಾಕು, ಪಾಠ ಶುರು. "1925ರಲ್ಲಿ ಕರೆಂಟಿನ ಪದ್ಧತಿ ಬಂತು. ಅಲ್ಲಿಯ ತನಕ ಗೋಡೆಯಿಂದ ಚಾಚಿದ ಒಂದು ದೊಡ್ಡ ತುತ್ತೂರಿ. ಅದರೊಳಗೆ ಹಾಡಬೇಕು. ದನಿಯ ಬಲಕ್ಕೇ ಸೂಜಿ ಅಲುಗಿ ಮೇಣದ ಮೇಲೆ ಗೀರು ಬೀಳುತ್ತಿತ್ತು."

"ಜೋರಾದರೆ ಕಡಿಮೆ ಮಾಡೋದು ಹೇಗೆ?" ಬಸ್ಯಾನ ಈ ಪ್ರಶ್ನೆಗೆ ಪಕ್ಕದ ಗಾಡಿಯವನೂ ತಿರುಗಿ ನೋಡಿದ.

"ಮನುಷ್ಯನನ್ನೇ ದೂರ ಕಳಿಸೋದು. ಡ್ರಮ್ಮನ್ನು ಎಷ್ಟೋ ಸಲ ಬಿಟ್ಟೇಬಿಡುತ್ತಿದ್ದರು, ಏಟಿಗೆ ಸೂಜಿ ಹಾರುತ್ತಿತ್ತು. 1923ರಲ್ಲಿ ಅಮೆರಿಕದ ಇಂಡಿಯಾನಾದ ರಿಚ್ಮಂಡ್‌ನಲ್ಲಿ ಕಿಂಗ್ ಆಲಿವರ್ ಜಾಝ್ ಬ್ಯಾಂಡಿನ ರೆಕಾರ್ಡಿಂಗ್. ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್ ಕಹಳೆ ಊದಿದರೆ ಗುರು ಆಲಿವರನ ದನಿಯೇ ಮುಚ್ಚಿಹೋಗುತ್ತಿತ್ತಂತೆ. ಅವನನ್ನು ದೂರದ ಮೂಲೆಗೆ ನಿಲ್ಲಿಸಿದರು. ಪಾಪ, ಸಪ್ಪಗಿದ್ದ ಅಂತ ಪಿಯಾನೋ ನುಡಿಸುತ್ತಿದ್ದ ಲಿಲ್ ಹಾರ್ಡಿನ್ ನೆನೆಸಿಕೊಂಡಿದ್ದಾಳೆ. ಮರುವರ್ಷ ಅವನನ್ನೇ ಮದುವೆಯಾದಳು."

"ಆ ಲೆಕ್ಕದಲ್ಲಿ ಬಸ್ಯಾ ಧಾರವಾಡ ರಸ್ತೆಯ ಉಣಕಲ್ಲಿನಲ್ಲಿ ನಿಲ್ಲಬೇಕು," ಎಂದೆ.

"ಏ, ನನ್ನ ದನಿ ಅಷ್ಟೇನು ಜೋರಿಲ್ಲ!" ಎಂದು ಗರ್ಜಿಸಿದ.

"ಇನ್ನೂ ಮುಂದೆ, ಭೈರಿದೇವರಕೊಪ್ಪ."

"ಆ ಸ್ಟುಡಿಯೋ ರೈಲ್ವೆ ಹಳಿ ಪಕ್ಕದಲ್ಲೇ ಇತ್ತು," ಎಂದರು ಮಾಸ್ತರರು. "ರೈಲು ಬಂದರೆ ಕೆಲಸ ಬಂದ್."

"ಹುಬ್ಬಳ್ಳಿಯಲ್ಲಿ ಇದ್ದಿದ್ದರೆ ಒಂದು ಪದವೂ ಮುಗಿಯುತ್ತಿರಲಿಲ್ಲ ಬಿಡಿ."

ಬಸ್ಯಾ ಸೋಲುವವನಲ್ಲ. ಮೊಬೈಲ್ ತೆಗೆದ. ಅವನ ದನಿಗೆ ಹಳೇ ಗ್ರಾಮಫೋನ್ ಪ್ಲೇಟಿನ ಗರಗರ ಸೇರಿಸುವ ಆ್ಯಪ್ ಇದೆಯಂತೆ. ರೊಕ್ಕ ಕೊಟ್ಟು ತಗೊಂಡಿದ್ದಾನೆ!

"ಆ ಗರಗರ ಹೋಗಿಸೋದಕ್ಕೆ ಎಷ್ಟೋ ಮಂದಿ ತಲೆ ಹಣ್ಣು ಮಾಡಿಕೊಂಡರು," ಎಂದರು ಮಾಸ್ತರರು. " ನೀನು ದುಡ್ಡು ಕೊಟ್ಟು ವಾಪಸ್ ತಂದೆ. ನಮ್ಮ ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳಲ್ಲಿ ಗಾಂಧಾರಿ ಅಂತ ಹೆಸರಿತ್ತು. ಮೂರು ಚಿಲ್ಲರೆ ನಿಮಿಷದಲ್ಲಿ ರಾಗ ಮುಗಿಸಬೇಕು. ನಿನಗೆ ನಮಸ್ಕಾರ ಹೇಳೋದಕ್ಕೇ ಆರು ನಿಮಿಷ ಬೇಕು."

"ಗರಗರ ಇದ್ದರೆ ಹಳೇದು ಅನ್ನಿಸುತ್ತೆ, ಅಲ್ವಾ!"

"ನವಲೂರು," ಎಂದೆ. ಆಮೇಲೆ ಯಾಕೋ ಸುಮ್ಮನಿರಲಾಗಲಿಲ್ಲ. "ನಮ್ಮ ಮನೆಯಲ್ಲೂ ಒಂದು ಗರಗರ ಇದೆ. ಅಕ್ಕನ ಮದುವೆಯ ಕ್ಯಾಸೆಟ್. ಹೆಂಗಸರು ಸೋಬಾನ ಪದ ಹಾಡುತ್ತಿದ್ದರು. ಟೇಪ್ ರೆಕಾರ್ಡರ್ ಇದ್ದದ್ದು ಗಂಡಸರ ನಡುವೆ. ಕಾಕಾ ಎಲೆ ಅಡಿಕೆ ಕೇಳಿದ್ದು, ಯಾರೋ ಸೀನಿದ್ದು, ಎಲ್ಲ ಸ್ಪಷ್ಟ. ಅವ್ವನ ದನಿ ಎಲ್ಲೋ ಹಿಂದೆ, ಬಾಗಿಲ ಆಚೆ. ಒಂದೂವರೆ ಸಾಲು ಸಿಗುತ್ತದೆ. ಅವಳ ದನಿ ಉಳಿದಿರೋದು ಅಷ್ಟೇ."

ಗಿರಮಿಟ್ ಮೆತ್ತಗಾಗಿತ್ತು.

"ಸ್ವಲ್ಪ ಮುಂದೆ ಬಾ ಅಂತ ಯಾರೂ ಕರೀಲಿಲ್ವಾ?" ಎಂದ ಬಸ್ಯಾ. ಅವನಿಗೆ ಅಷ್ಟು ಸಣ್ಣ ದನಿಯೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಕರೆದಿದ್ದರೂ ಬರುತ್ತಿರಲಿಲ್ಲ. ನಾಚಿಕೆ ಜಾಸ್ತಿ ಅವಳಿಗೆ."

ಬಸ್ಯಾ ಉತ್ಸವಮೂರ್ತಿಯನ್ನು ಚೀಲಕ್ಕೆ ಹಾಕಿದ. ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ಎದ್ದು ನಿಂತು, "ಮೂರು ಚಹಾ!" ಎಂದ.

ಧಾರವಾಡದಲ್ಲೂ ಯಾರೋ ಒಬ್ಬರು ಒಲೆ ಹಚ್ಚಿರಬೇಕು.